ಗುಳಿಗೆ ಎಲ್ಲಿಡುವುದು?

ನವೆಂಬರ್ 6, 2023. ಬಾಗಲಕೋಟೆ
ಕಬ್ಬಿನ ಹಂಗಾಮು ಶುರುವಾಯಿತು. ಇನ್ನು ಮಾರ್ಚ್‌ವರೆಗೆ ಎಚ್‌ಐವಿಗೆ ಔಷಧ ಕೊಡುವ ನಮ್ಮ ಎಆರ್‌ಟಿ ಸೆಂಟರಿನ ರಿಜಿಸ್ಟರಿನಲ್ಲಿ ಗೈರುಹಾಜರಿ ಏರುತ್ತಲೇ ಹೋಗುತ್ತದೆ. ಕಟಾವಿನ ಗ್ಯಾಂಗಿನ ಜೊತೆ ಸಾಂಗ್ಲಿ, ಕೊಲ್ಲಾಪುರದ ಕಡೆ ಹೋದವರು ಹೊಲದಂಚಿನ ಗುಡಿಸಲುಗಳಲ್ಲಿ ಇರುತ್ತಾರೆ. ಅಲ್ಲಿನ ಸೆಂಟರಿನಲ್ಲಿ ಔಷಧ ಸಿಗಲೆಂದು ಚೀಟಿ ಬರೆದುಕೊಡುತ್ತೇವೆ. ಆದರೆ ಮುಂಗಡ ಕೊಟ್ಟು ಗ್ಯಾಂಗ್ ಕರೆದೊಯ್ದ ಮುಕಾದಮನಲ್ಲಿ ರಜೆ ಕೇಳಬೇಕು, ಕಾರಣ ಹೇಳಬೇಕು, ಅವತ್ತಿನ ಕೂಲಿ ಬಿಡಬೇಕು. ಗುಳಿಗೆ ಪುಕ್ಕಟೆ ಸಿಕ್ಕರೂ ಇಷ್ಟೆಲ್ಲ ತೆರಬೇಕು.

ನವೆಂಬರ್ 9
ಬೆಳಿಗ್ಗೆ ಬಂದ ಹೆಣ್ಣುಮಗಳ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್‌ ಪ್ರಮಾಣ, ಸಾವಿರ ದಾಟಿತ್ತು. ಔಷಧ ಒಯ್ದದ್ದನ್ನು ಬರೆಯುವ ಗ್ರೀನ್ ಬುಕ್‌ನಲ್ಲಿ ಒಂದು ತಿಂಗಳೂ ತಪ್ಪಿಲ್ಲ, ಪ್ರತಿಸಲ ಡಬ್ಬಿ ಒಯ್ದಿದ್ದಾಳೆ. ಮರೆತಿಯೇನವ್ವಾ ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ನುಂಗೂದು ತ್ರಾಸಲ್ರೀ ಅಕ್ಕಾರ, ಇಡೂದು ತ್ರಾಸು” ಎಂದಳು.

ಒಂದೇ ಖೋಲಿಯ ಮನೆ. ಗಂಡ ತೀರಿಕೊಂಡದ್ದು ಇದೇ ರೋಗದಿಂದ, ಅತ್ತೆಗೆ ಕಾಮಾಲೆ ಎಂದು ಹೇಳಿದ್ದಾರೆ. ಮೂವತ್ತು ಗುಳಿಗೆಯ ಪ್ಲಾಸ್ಟಿಕ್ ಡಬ್ಬಿ ಮುಟ್ಟಿದರೆ ಸಾಕು, ಗಲಗಲ ಎನ್ನುತ್ತದೆ. ಇವಳು ಹಸಿ ಬಟ್ಟೆಯಿಂದ ತಿಕ್ಕಿ ಲೇಬಲ್ ಕಿತ್ತಿದ್ದಾಳೆ, ಸದ್ದಾಗದಂತೆ ಒಳಗೆ ಹತ್ತಿ ತುರುಕಿದ್ದಾಳೆ, ಜೋಳದ ಚೀಲದ ತಳದಲ್ಲಿ ಹೂತಿದ್ದಾಳೆ. ಒಂದು ದಿನ ಮೈದುನನ ಮಗ ಅದನ್ನು ಹುಡುಕಿ ತೆಗೆದು, ಹತ್ತಿ ಕಿತ್ತು, ಗಿಲಕಿಯ ಹಾಗೆ ಆಡಿಸುತ್ತ ಪಡಸಾಲೆಗೆ ತಂದನಂತೆ. ಅವತ್ತಿನಿಂದ ಸೆಂಟರಿನಿಂದ ಹೋಗುವಾಗಲೇ ಡಬ್ಬಿಯನ್ನು ದಾರಿಯ ಗಟಾರಕ್ಕೆ ಎಸೆಯುತ್ತಿದ್ದಾಳೆ.

2017ರ ಎಚ್‌ಐವಿ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ನನಗೆ ಆ ಕಾಯ್ದೆಯ ಮೇಲೆ ಗೌರವವಿದೆ. ಆದರೆ ಜೋಳದ ಚೀಲದವರೆಗೆ ಅದು ಹೇಗೆ ಮುಟ್ಟಬೇಕು? ಇಬ್ಬರೂ ಕೂತು ಜಾಗ ಹುಡುಕಿದೆವು. ಎಲೆ-ಅಡಿಕೆ ಚಂಚಿಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದಳು. ಗುಳಿಗೆಗೆ ತೇವ ಆಗದು. ಕೊನೆಗೆ ಎರಡು-ಮೂರು ದಿನದ್ದನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಸೊಂಟಕ್ಕೆ, ಉಳಿದದ್ದು ಎಲ್ಲ ಗೊತ್ತಿರುವ ತಂಗಿಯ ಮನೆಯಲ್ಲಿ ಎಂದಾಯಿತು.

ನವೆಂಬರ್ 16
ದೀಪಾವಳಿ ಮುಗಿಸಿ ಹಳಬರು ಬಂದರು. 2004ರ ಏಪ್ರಿಲ್ 1ರಂದು ದೇಶದಲ್ಲಿ ಉಚಿತ ಎಆರ್‌ಟಿ ಶುರುವಾದ ಮೊದಲ ವರ್ಷಗಳಲ್ಲೇ ಸೇರಿಕೊಂಡವರೊಬ್ಬರಿದ್ದರು. ಅವರ ಗಲ್ಲ ಇವತ್ತಿಗೂ ಒಳಗೆ ಹೋಗಿವೆ. ಸ್ಟಾವುಡಿನ್ ಎಂಬ ಔಷಧ ಮುಖದ ಕೊಬ್ಬು ಕರಗಿಸುತ್ತಿತ್ತು, ಅಂಗಾಲು ಉರಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅದನ್ನು ಕೈಬಿಡಲು ಹೇಳಿತು. ಈಗಿನ ಟಿಎಲ್‌ಡಿ ದಿನಕ್ಕೊಂದೇ ಗುಳಿಗೆ, ಬಹುಪಾಲು ಜನಕ್ಕೆ ಬಾಧೆಯೂ ಕಡಿಮೆ. ಆದರೆ ಅಪ್ಪನ ಗಲ್ಲ ನೋಡುತ್ತ ಬೆಳೆದ ಮಗನಿಗೆ ಇದನ್ನು ನಂಬಿಸುವುದು ಸುಲಭವಲ್ಲ.

ಇನ್ನೊಬ್ಬರು ನಾಲ್ಕು ತಿಂಗಳು ಬಿಟ್ಟಿದ್ದರು. “ಆರಾಮ ಅದೀನಲ್ರೀ, ಮತ್ಯಾಕ?” ಆರಾಮ ಇರುವುದೇ ಗುಳಿಗೆಯಿಂದ. ವೈರಸ್ ಸಾಯುವುದಿಲ್ಲ, ಕೆಲವು ಜೀವಕೋಶಗಳಲ್ಲಿ ಅಡಗಿರುತ್ತದೆ, ಬಿಟ್ಟ ಕೆಲವೇ ವಾರಗಳಲ್ಲಿ ಮತ್ತೆ ಹೆಚ್ಚುತ್ತದೆ. ಬಿಟ್ಟು ಬಿಟ್ಟು ತಗೊಂಡರೆ ವೈರಸ್ ಔಷಧಕ್ಕೇ ಜಗ್ಗದಂತಾಗಬಹುದು. ಕೇಳಿಸಿಕೊಂಡರು. ಮೈಯಲ್ಲಿ ಯಾವ ನೋವೂ ಇಲ್ಲದವರಿಗೆ ಈ ಮಾತು ಪ್ರತಿಸಲ ಹೊಸದಾಗಿ ಹೇಳಬೇಕು, ಬೇಸರಪಡದೆ.

ನವೆಂಬರ್ 23
ಹಾಸ್ಟೆಲಿನ ಹುಡುಗ, ಹದಿನೇಳು. ಹುಟ್ಟಿನಿಂದ ಬಂದ ಸೋಂಕು. “ರಕ್ತ ಹೆಚ್ಚಾಗೂ ಗುಳಗಿ” ಎಂದು ಅಜ್ಜಿ ಕೊಡುತ್ತ ಬಂದಿದ್ದಳು. ಡಬ್ಬಿಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ತಾನೇ ತಿಳಿದುಕೊಂಡಿದ್ದಾನೆ. ಆ ದಿನವೇ ಗುಳಿಗೆ ನಿಲ್ಲಿಸಿದ್ದಾನೆ. ಔಷಧದ ಮೇಲೆ ಅವನಿಗೆ ಸಿಟ್ಟಿಲ್ಲ. “ಎಲ್ಲಾರಿಗೂ ಗೊತ್ತಿತ್ತು, ನನಗಷ್ಟ ಗೊತ್ತಿರಲಿಲ್ಲ” ಎಂದ. ಅವನ ಸಿಟ್ಟು ನ್ಯಾಯವಾದದ್ದು. ಇವತ್ತು ಗುಳಿಗೆಯ ಮಾತೇ ಎತ್ತಲಿಲ್ಲ. ತಾಯಿಯ ಬಗ್ಗೆ ಕೇಳಿದ, ನನಗೆ ಗೊತ್ತಿದ್ದಷ್ಟು ಹೇಳಿದೆ. ಶನಿವಾರ ಮತ್ತೆ ಬರುತ್ತೇನೆ ಎಂದಿದ್ದಾನೆ.

ನವೆಂಬರ್ 29
ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಜಾಥಾಕ್ಕೆ ಬ್ಯಾನರ್ ಬಂದಿವೆ. ಹುಡುಗ ಶನಿವಾರ ಬಂದಿದ್ದ. ರಾತ್ರಿ ಊಟದ ನಂತರ ಗುಳಿಗೆ ಶುರು ಮಾಡಿದ್ದಾನಂತೆ, ರೂಮ್‌ಮೇಟ್ ಒಬ್ಬನಿಗೆ ಹೇಳಿಯೂ ಬಿಟ್ಟಿದ್ದಾನೆ. ಆ ಹೆಣ್ಣುಮಗಳ ರಕ್ತ ಫೆಬ್ರವರಿಯಲ್ಲಿ ಮತ್ತೆ ತೆಗೆಯಬೇಕು. ಹಂಗಾಮಿಗೆ ಇನ್ನೂ ಹೊರಡದವರ ಪಟ್ಟಿ ಮಾಡಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಒಟ್ಟಿಗೇ ಹಲವು ತಿಂಗಳ ಔಷಧ ಕೊಡಲು ಆಗಿತ್ತು. ಇವರಿಗೂ ಹಾಗೆ ಕೊಡಿ ಎಂದು ನಾಳೆ ಡಾಕ್ಟರರನ್ನು ಕೇಳುತ್ತೇನೆ.