ಕಿವಿಯಿಂದ ಆಟ ಕಂಡ ಊರು

ಲಾಸ್ ಏಂಜಲೀಸ್ ನಗರದ ಪ್ರಸಿದ್ಧ ಸನ್‌ಸೆಟ್ ಬೂಲೆವಾರ್ಡಿನಿಂದ ಕವಲೊಡೆದು ಗುಡ್ಡದತ್ತ ಏರುವ ಒಂದು ರಸ್ತೆಯುಂಟು. 2016ರಿಂದ ಅದರ ಹೆಸರು ವಿನ್ ಸ್ಕಲಿ ಅವೆನ್ಯೂ. ದೊರೆಗಳ, ದಂಡನಾಯಕರ, ಮಂತ್ರಿಗಳ ಹೆಸರನ್ನು ಹೊತ್ತ ರಸ್ತೆಗಳನ್ನು ನಾವೆಲ್ಲ ಕಂಡಿದ್ದೇವೆ. ಸ್ಕಲಿಯವರು ಇವರಲ್ಲಿ ಯಾರೂ ಅಲ್ಲ. ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದ ಪಂದ್ಯಗಳನ್ನು 1950ರಿಂದ 2016ರವರೆಗೆ, 67 ಋತುಗಳ ಕಾಲ, ರೇಡಿಯೋದಲ್ಲಿಯೂ ಟೆಲಿವಿಷನ್ನಿನಲ್ಲಿಯೂ ಬಣ್ಣಿಸಿದ ವೀಕ್ಷಕ ವಿವರಣೆಕಾರರು. ರಸ್ತೆಗೆ ಅವರ ಹೆಸರಿಡುವ ಮಾತು 2013ರಲ್ಲಿ ಎದ್ದಾಗ, ತಂಡದ ಹಿಂದಿನ ಒಡೆಯರಾದ ಓಮ್ಯಾಲಿ ಮನೆತನದವರ ಹೆಸರಿಡಿ ಎಂದು ಅವರೇ ಕೈಮುಗಿದುಬಿಟ್ಟಿದ್ದರಂತೆ.

ರಸ್ತೆಯ ಮೇಲ್ತುದಿಯಲ್ಲಿ ಡಾಡ್ಜರ್ ಸ್ಟೇಡಿಯಂ. 56,000 ಆಸನಗಳ ಈ ಕ್ರೀಡಾಂಗಣವನ್ನು ಗುಡ್ಡದ ಓರೆಯನ್ನೇ ಕಡಿದು ಕಟ್ಟಿದ್ದಾರೆ. ಆದಕಾರಣ ಮೇಲಂತಸ್ತಿಗೆ ಟಿಕೆಟು ಕೊಂಡವನು ಮೆಟ್ಟಿಲು ಹತ್ತಿ ಏದುಸಿರು ಬಿಡಬೇಕಾಗಿಲ್ಲ. ಗುಡ್ಡದ ನೆತ್ತಿಯ ಕಡೆಯಿಂದ ನೆಟ್ಟಗೆ ಒಳಹೊಕ್ಕರಾಯಿತು. ಅಲ್ಲಿ ಕುಳಿತರೆ ಮೈದಾನದ ಹಸುರು, ಅದರಾಚೆ ತಾಳೆಯ ಜಾತಿಯ ಎತ್ತರದ ಮರಗಳು, ಅವುಗಳ ಹಿಂದೆ ಸಂಜೆಯ ಬಿಸಿಲಿಗೆ ಬಣ್ಣ ಬದಲಿಸುವ ಸಾನ್ ಗೇಬ್ರಿಯಲ್ ಪರ್ವತಗಳು.

ಬೇಸ್‌ಬಾಲ್ ಬಿಡುವಿನ ಆಟ. ಎಸೆತಗಾರ ಚೆಂಡನ್ನು ಅಂಗೈಯಲ್ಲಿ ಹೊರಳಿಸುತ್ತ ನಿಲ್ಲುತ್ತಾನೆ. ದಾಂಡಿಗನು ಬೂಟಿನ ಮಣ್ಣನ್ನು ಕೊಡಹುತ್ತಾನೆ. 2023ರಲ್ಲಿ ಎಸೆತಕ್ಕೆ ಗಡಿಯಾರದ ಕಟ್ಟು ಬರುವ ತನಕ ಈ ನಿಧಾನಕ್ಕೆ ಮಿತಿಯೇ ಇರಲಿಲ್ಲವೆನ್ನಬಹುದು. ಇಂಥ ಪಂದ್ಯಗಳು ವರ್ಷಕ್ಕೆ 162. ಆ ಬಿಡುವನ್ನೆಲ್ಲ ತುಂಬಬೇಕಾದವರು ಮೈಕಿನ ಮುಂದೆ ಕುಳಿತವರು. ಇತರರು ಇಬ್ಬರು ಮೂವರು ಜೊತೆಗೂಡಿ ಹರಟುತ್ತಿದ್ದ ಕಾಲದಲ್ಲಿಯೂ ಸ್ಕಲಿಯವರು ಒಬ್ಬರೇ ಕುಳಿತು, ಕೇಳುಗನೊಬ್ಬನೊಡನೆ ಮನೆಯ ಜಗುಲಿಯಲ್ಲಿ ಮಾತನಾಡುವಂತೆ ಮಾತನಾಡಿದರು.

ಈ ತಂಡ ಮೊದಲು ನ್ಯೂಯಾರ್ಕಿನ ಬ್ರೂಕ್ಲಿನ್ನಿನದು. 1958ರಲ್ಲಿ ಪಶ್ಚಿಮ ತೀರಕ್ಕೆ ವಲಸೆ ಬಂತು. ಸ್ವಂತ ಅಂಗಣ ಸಿದ್ಧವಾಗುವವರೆಗೆ ಅದು ಆಡಿದ್ದು 1932ರ ಒಲಿಂಪಿಕ್ಸ್ ನಡೆದ ಕೊಲೀಸಿಯಂ ಎಂಬ ಮಹಾ ಬಯಲಿನಲ್ಲಿ. ಮೊದಲ ದಿನವೇ 78,672 ಜನ ನೆರೆದರು. ಆದರೆ ಓಟದ ಸ್ಪರ್ಧೆಗಳಿಗೂ ಫುಟ್‌ಬಾಲಿಗೂ ಒಪ್ಪುವ ಆ ಬಯಲಿನಲ್ಲಿ ದೂರದ ಸಾಲಿನವನಿಗೆ ಆಟಗಾರರು ಇರುವೆಗಳಂತೆ ಕಂಡರೆ ಆಶ್ಚರ್ಯವಿಲ್ಲ. ಜನ ಟ್ರಾನ್ಸಿಸ್ಟರ್ ರೇಡಿಯೋಗಳನ್ನು ಹಿಡಿದು ಬಂದರು. ಕಣ್ಣೆದುರಿನ ಆಟವನ್ನು ಸ್ಕಲಿಯವರ ದನಿಯಲ್ಲಿ ಕೇಳಿಯೇ ಅರ್ಥಮಾಡಿಕೊಂಡರು. 1960ರಲ್ಲೊಮ್ಮೆ ಅಂಪೈರೊಬ್ಬರ ಹುಟ್ಟುಹಬ್ಬವೆಂದು ತಿಳಿದು, ‘ಮೂರು ಎಣಿಸುತ್ತೇನೆ, ಎಲ್ಲರೂ ಶುಭಾಶಯ ಕೂಗಿರಿ’ ಎಂದರು ಸ್ಕಲಿ. ಸಾವಿರಾರು ಕಂಠಗಳು ಒಮ್ಮೆಲೇ ಮೊಳಗಿದವು! ಆ ಅಂಪೈರ್ ಮಹಾಶಯರ ಗಾಬರಿಯನ್ನು ವಾಚಕರೇ ಊಹಿಸಿಕೊಳ್ಳಲಿ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸುಖವಾಗಿಯೇ ಇರುತ್ತದೆ. ಆದರೆ ಹೊಸ ಅಂಗಣ ಎದ್ದ ನೆಲ ಬರಿಯ ಗುಡ್ಡವಾಗಿರಲಿಲ್ಲ. ಶಾವೆಜ್ ರವೀನ್ ಎಂಬ ಈ ಕಣಿವೆಯಲ್ಲಿ ಪಾಲೋ ವೆರ್ದೆ, ಲಾ ಲೋಮಾ, ಬಿಷಪ್ ಎಂಬ ಮೂರು ಕೇರಿಗಳಿದ್ದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮನೆಮಾತಿನ, ಮೆಕ್ಸಿಕೋ ಮೂಲದ ಕುಟುಂಬಗಳವರು. ಸರಕಾರಿ ವಸತಿ ಕಟ್ಟಿಸುತ್ತೇವೆಂದು 1950ರ ದಶಕದ ಆರಂಭದಲ್ಲಿ ಅವರನ್ನು ಎಬ್ಬಿಸಲಾಯಿತು. ವಸತಿಯ ಯೋಜನೆ ರಾಜಕೀಯದ ಸುಳಿಗೆ ಸಿಕ್ಕಿ ಮುಳುಗಿತು. ನೆಲ ಬೇಸ್‌ಬಾಲಿಗೆ ಹೋಯಿತು. 1959ರ ಮೇ ತಿಂಗಳಿನಲ್ಲಿ, ಕದಲದೆ ಉಳಿದಿದ್ದ ಕೊನೆಯ ಕುಟುಂಬಗಳ ಹೆಂಗಸೊಬ್ಬಳನ್ನು ಅಧಿಕಾರಿಗಳು ಕೈಕಾಲು ಹಿಡಿದು ಹೊತ್ತು ಹೊರಕ್ಕೆ ತಂದರು. 1962ರ ಏಪ್ರಿಲ್ 10ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು.

ಆ ಕುಟುಂಬಗಳನ್ನು ಹೊರಹಾಕಿದ 1959ರಲ್ಲಿಯೇ ಡಾಡ್ಜರ್ಸ್ ಆಟವನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಬಣ್ಣಿಸತೊಡಗಿದವರು ಹೈಮೆ ಹರೀನ್. ದಕ್ಷಿಣ ಅಮೆರಿಕದ ಎಕ್ವಡೋರ್ ದೇಶದಿಂದ 1955ರಲ್ಲಿ ಬಂದಿಳಿದ ಅವರಿಗೆ ಬೇಸ್‌ಬಾಲ್ ಹೊಸದು. ಮೊದಮೊದಲು ಪರವೂರಿನ ಪಂದ್ಯಗಳಿಗೆ ತಂಡದೊಡನೆ ಹೋಗುವ ಅವಕಾಶವೂ ಇರಲಿಲ್ಲ. ಸ್ಟುಡಿಯೋದಲ್ಲಿ ಕುಳಿತು ಇಂಗ್ಲಿಷ್ ವಿವರಣೆಯನ್ನು ಕೇಳಿ ಆಗಿಂದಾಗಲೇ ಸ್ಪ್ಯಾನಿಷಿಗೆ ತಿರುಗಿಸಬೇಕಾಗಿತ್ತು. 1981ರಲ್ಲಿ ಮೆಕ್ಸಿಕೋದ ಹಳ್ಳಿಗಾಡಿನಿಂದ ಬಂದ, ಇಪ್ಪತ್ತರ ಹರೆಯದ ಎಸೆತಗಾರ ಫರ್ನಾಂಡೋ ವಲೆನ್ಸುವೇಲಾ ತನ್ನ ಮೊದಲ ಎಂಟು ಪಂದ್ಯಗಳನ್ನೂ ಗೆದ್ದಾಗ, ಇಂಗ್ಲಿಷ್ ಬಾರದ ಆ ಹುಡುಗನ ಪಕ್ಕದಲ್ಲಿ ಕುಳಿತು ಪತ್ರಕರ್ತರಿಗೆ ಅವನ ಮಾತನ್ನು ತಿಳಿಸಿದವರೂ ಹರೀನರೇ. ಅಂಗಣದ ಮೇಲೆ ಮುನಿಸಿದ್ದ ಮನೆಗಳವರೂ ಆ ವರ್ಷ ಗುಡ್ಡ ಹತ್ತಿದರೆಂದು ಹೇಳುತ್ತಾರೆ. ಕಳೆದುಕೊಂಡ ಹಿತ್ತಿಲು ಇದರಿಂದ ಮರಳಿತೆಂದು ನಾನು ಹೇಳಲಾರೆ. ತಮ್ಮ ನುಡಿ ಆ ನೆಲದಿಂದ ಪ್ರತಿ ಸಂಜೆ ಕೇಳಿಬರುತ್ತಿತ್ತು, ಅಷ್ಟು ನಿಜ. 2022ರವರೆಗೆ, 64 ಋತುಗಳ ಕಾಲ, ಹರೀನರು ಆ ದನಿಯನ್ನು ನಿಲ್ಲಿಸಲಿಲ್ಲ.

ಸ್ಕಲಿಯವರ ಕಡೆಗೆ ಮರಳೋಣ. ಬಾಲ್ಯದಲ್ಲಿ ಅವರು, ನಾಲ್ಕು ಕಾಲುಗಳ ಮೇಲೆ ನಿಂತ ಮನೆಯ ದೊಡ್ಡ ರೇಡಿಯೋದ ಕೆಳಗೆ ದಿಂಬಿಟ್ಟುಕೊಂಡು ಮಲಗುತ್ತಿದ್ದರಂತೆ. ಯಾವ ಊರಿನ ಆಟವಾದರೇನು, ಜನಸಮೂಹದ ಭೋರ್ಗರೆತ ಮೇಲಿನಿಂದ ಮೈಮೇಲೆ ಸುರಿಯಬೇಕು! ಆ ಹುಡುಗ ಬೆಳೆದು ಮೈಕು ಹಿಡಿದ ಮೇಲೂ ಜನ ಕೂಗುವಾಗ ತಾನು ಬಾಯಿ ಮುಚ್ಚಿದ. 1965ರ ಸೆಪ್ಟೆಂಬರ್ 9ರ ರಾತ್ರಿ ಸ್ಯಾಂಡಿ ಕೋಫಾಕ್ಸ್ ಎದುರಾಳಿಗಳ 27 ದಾಂಡಿಗರಲ್ಲಿ ಒಬ್ಬನನ್ನೂ ಮೊದಲ ನೆಲೆಗೆ ಬಿಡದೆ ಆಟ ಮುಗಿಸಿದಾಗ, ಸ್ಕಲಿ ರೇಡಿಯೋದಲ್ಲಿ 38 ಸೆಕೆಂಡುಗಳ ಕಾಲ ಒಂದು ಮಾತನ್ನೂ ಆಡಲಿಲ್ಲ. ಆಮೇಲೆ ಗಂಟೆ ಒಂಬತ್ತು ನಲವತ್ತಾರು ಎಂದು ವೇಳೆಯನ್ನು ಹೇಳಿದರು. ಧ್ವನಿಮುದ್ರಣ ಉಳಿಯುತ್ತದೆ, ಎಸೆತಗಾರನಿಗೆ ಆ ಗಳಿಗೆ ನೆನಪಿಗಿರಲಿ ಎಂಬ ಎಣಿಕೆ.

ಅವರ ಕೊನೆಯ ವರ್ಷಗಳು ಮಾತ್ರ ಕೇಳುಗರಿಗೆ ಕಹಿಯಾದುವು. 2014ರಲ್ಲಿ ತಂಡದ ಪಂದ್ಯಗಳು ಹೊಸದೊಂದು ಟೆಲಿವಿಷನ್ ವಾಹಿನಿಯ ಪಾಲಾದವು. ಹಣದ ಕಲಹದಿಂದ ಆ ವಾಹಿನಿ ನಗರದ ಅರ್ಧಕ್ಕಿಂತ ಹೆಚ್ಚು ಮನೆಗಳನ್ನು ಮುಟ್ಟಲೇ ಇಲ್ಲ. ಮುಪ್ಪಿನ ವಿವರಣೆಕಾರರ ದನಿ ಅಂಥ ಮನೆಗಳಿಗೆ ಸಿಕ್ಕಿದ್ದು ರೇಡಿಯೋದಲ್ಲಿ, ಅದೂ ಪಂದ್ಯದ ಮೊದಲ ಮೂರು ಇನ್ನಿಂಗ್ಸ್ ಮಾತ್ರ. ಅವರು ನಿವೃತ್ತರಾಗುವ ಹೊತ್ತಿಗೆ, ಕೊನೆಯ ಆರು ಪಂದ್ಯಗಳನ್ನು ಎಲ್ಲರಿಗೂ ಕಾಣುವಂತೆ ಸ್ಥಳೀಯ ವಾಹಿನಿಯೊಂದರಲ್ಲಿ ಬಿಟ್ಟರು. 2016ರ ಅಕ್ಟೋಬರ್ 2ರಂದು ಸಾನ್ ಫ್ರಾನ್ಸಿಸ್ಕೋದಲ್ಲಿ ಅವರು ಕೊನೆಯ ಬಾರಿ ಮೈಕಿನ ಮುಂದೆ ಕುಳಿತರು.

2022ರ ಆಗಸ್ಟ್ 2ರಂದು, 94ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹರೀನರು ಅದೇ ವರ್ಷ ಮೈಕನ್ನು ಕೆಳಗಿಟ್ಟರು. ಗುಡ್ಡದ ಮೇಲಿನ ಪತ್ರಕರ್ತರ ಅಂಕಣಕ್ಕೆ 2001ರಿಂದಲೂ ಸ್ಕಲಿಯವರದೇ ಹೆಸರು. ಪಂದ್ಯದ ಸಂಜೆ ಸನ್‌ಸೆಟ್ ಬೂಲೆವಾರ್ಡಿನಿಂದ ಹೊರಳಿದ ಕಾರುಗಳು ಸಾಲುಗಟ್ಟಿ ಅವರ ಹೆಸರಿನ ರಸ್ತೆಯನ್ನೇ ಏರುತ್ತವೆ.