ಏನೂ ಬೆಳೆಯದ ಜಮೀನು

ಮೈಸೂರಿನವರಿಗೆ ಕೊಡಗು ಎಂದರೆ ಮಡಿಕೇರಿ, ತಲಕಾವೇರಿ, ಹೆಚ್ಚೆಂದರೆ ದುಬಾರೆ. ಈ ಸಲ ದಸರಾ ರಜೆಯಲ್ಲಿ ನಾನು ಮೊಮ್ಮಕ್ಕಳಿಬ್ಬರನ್ನು ಕರೆದುಕೊಂಡು ಹೋದದ್ದು ದಕ್ಷಿಣ ಕೊಡಗಿನ ತುದಿಗೆ. ಹುಣಸೂರು, ಪಂಚವಳ್ಳಿ, ಆನೆಚೌಕೂರು, ತಿತಿಮತಿ, ಆಮೇಲೆ ಗೋಣಿಕೊಪ್ಪ. ಅಲ್ಲಿಗೆ ಸುಮಾರು 90 ಕಿಲೋಮೀಟರ್. ಆನೆಚೌಕೂರಿನ ಹತ್ತಿರ ರಸ್ತೆ ಕಾಡಿನ ನಡುವೆ ಹೋಗುತ್ತದೆ. ಅಜ್ಜಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ಅಲ್ಲಿ ಮಾತ್ರ ತೆಗೆಯಬೇಡಿ. ಕೋತಿಗಳಿಗೆ ನಮಗಿಂತ ಹಸಿವು ಜಾಸ್ತಿ.

ಪೊನ್ನಂಪೇಟೆ ದಾಟಿ ಶ್ರೀಮಂಗಲಕ್ಕೆ ಬಂದರೆ ಬ್ರಹ್ಮಗಿರಿ ಬೆಟ್ಟಸಾಲು ಎದುರಿಗೇ ನಿಲ್ಲುತ್ತದೆ. ನಮ್ಮ ಹುಣಸೂರಿನ ಪಕ್ಕ ಹರಿಯುವ ಲಕ್ಷ್ಮಣತೀರ್ಥ ಹುಟ್ಟುವುದು ಇದೇ ಬೆಟ್ಟದಲ್ಲಿ. ಕುಟ್ಟದ ರಸ್ತೆಯನ್ನು ಬಿಟ್ಟು ನಾವು ಬಿರುನಾಣಿ, ತೆರಾಲು ಕಡೆಗೆ ಹೊರಳಿದೆವು. ತೆರಾಲಿನಲ್ಲೊಂದು ಕಾಡಿದೆ, ಅದನ್ನು ಗಂಡ ಹೆಂಡತಿ ಇಬ್ಬರು ಸ್ವಂತ ದುಡ್ಡಿನಿಂದ ಕೊಂಡು ಬೆಳೆಸಿದರು ಎಂದು ಮಕ್ಕಳಿಗೆ ದಾರಿಯುದ್ದಕ್ಕೂ ಹೇಳಿದ್ದೆ. "ಕಾಡನ್ನೂ ಕೊಂಡುಕೊಳ್ಳಬಹುದಾ ತಾತ?" ಎಂದು ಚಿಕ್ಕವನು ಕೇಳಿದ್ದ.

ಅವರು ಅನಿಲ್ ಮಲ್ಹೋತ್ರಾ, ಪಮೇಲಾ ಮಲ್ಹೋತ್ರಾ. ಆಕೆ ಅಮೆರಿಕದವರು. ಅನಿಲ್ ಅಲ್ಲಿ ಜಮೀನು, ಹೋಟೆಲು ವ್ಯವಹಾರ ಮಾಡಿದವರು. ಇಬ್ಬರೂ ಹವಾಯಿ ದ್ವೀಪದಲ್ಲಿ ನೆಲೆಸಿದ್ದರು. 1986ರಲ್ಲಿ ಅನಿಲ್ ಅವರ ತಂದೆ ತೀರಿಕೊಂಡಾಗ ಭಾರತಕ್ಕೆ ಬಂದರು. ಹರಿದ್ವಾರದಲ್ಲಿ ಗಂಗೆಯ ಸ್ಥಿತಿ ಕಂಡು ಮನಸ್ಸು ಕೆಟ್ಟಿತು. ಇಲ್ಲೇ ಉಳಿದು ಒಂದಿಷ್ಟು ಕಾಡು ಉಳಿಸೋಣ ಎಂದುಕೊಂಡರು. ಹಿಮಾಲಯದ ಕಡೆ ಹುಡುಕಿದರು, ಸರಿಹೋಗಲಿಲ್ಲ. ಕೊನೆಗೆ 1991ರಲ್ಲಿ ಈ ಬೆಟ್ಟದ ಬುಡದಲ್ಲಿ 55 ಎಕರೆ ಸಿಕ್ಕಿತು. ಅಲ್ಲಿ ಏನೂ ಬೆಳೆಯುವುದಿಲ್ಲವೆಂದೇ ಹಿಂದಿನ ಮಾಲೀಕರು ಮಾರಲು ಹೊರಟಿದ್ದರು. ಹವಾಯಿಯ ಆಸ್ತಿ ಮಾರಿದ ಹಣ ಇದಕ್ಕೆ ಬಂತು.

ಬ್ಯಾಂಕಿನಲ್ಲಿ ಕೃಷಿ ಸಾಲದ ಅರ್ಜಿಗಳನ್ನು ವರ್ಷಗಟ್ಟಲೆ ನೋಡಿದವನು ನಾನು. ಎಷ್ಟು ಎಕರೆ, ಯಾವ ಬೆಳೆ, ಆದಾಯ ಎಷ್ಟು ಎಂದು ಅದರಲ್ಲಿ ತುಂಬಬೇಕು. "ಏನೂ ಬೆಳೆಯುವುದಿಲ್ಲ, ಸುಮ್ಮನೆ ಬಿಡುತ್ತೇವೆ" ಎಂದು ಬರೆಯಲು ಜಾಗವೇ ಇರುವುದಿಲ್ಲ. ಇವರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಮರ ಕಡಿಯಲಿಲ್ಲ, ಬೇಟೆಯವರನ್ನು ಒಳಗೆ ಬಿಡಲಿಲ್ಲ. ಮಿಕ್ಕ ಕೆಲಸ ಹಕ್ಕಿಗಳದು. ಮಂಗಟ್ಟೆ ಹಕ್ಕಿ ಒಂದು ಮರದ ಹಣ್ಣು ತಿಂದು ಇನ್ನೆಲ್ಲೋ ಬೀಜ ಉದುರಿಸುತ್ತದೆ. ಬಿದ್ದ ಎಲೆ ಕೊಳೆತು ನೆಲ ಮೆತ್ತಗಾಗುತ್ತದೆ, ಮಳೆನೀರು ಓಡಿಹೋಗದೆ ಒಳಗಿಳಿಯುತ್ತದೆ, ಬೇಸಿಗೆಯಲ್ಲೂ ತೊರೆ ಹರಿಯುತ್ತದೆ. ನಮ್ಮಂತೆ ತಿಂಗಳ ಕೊನೆಯ ದಿನ ಲೆಕ್ಕ ಕೂಡಿಸಿ ನೋಡುವ ಆತುರ ಕಾಡಿಗಿಲ್ಲ.

ಆದರೆ ತೊರೆಯ ಆಚೆ ದಡದ ಜಮೀನಿನಲ್ಲಿ ಔಷಧಿ ಹೊಡೆದರೆ ವಿಷ ಈಚೆಗೂ ಬರುತ್ತದಲ್ಲ? ಹಾಗಾಗಿ ಸುತ್ತಲಿನ ಜಮೀನನ್ನೂ ಮಾರಾಟಕ್ಕೆ ಬಂದಂತೆಲ್ಲ ಕೊಂಡರು. 55 ಎಕರೆ ಸುಮಾರು 300 ಆಯಿತು. ನಮ್ಮ ಮೈಸೂರು ಮೃಗಾಲಯ 157 ಎಕರೆ. ಹೆಚ್ಚುಕಡಿಮೆ ಅದರ ಎರಡರಷ್ಟು ಎಂದೆ. ದೊಡ್ಡವಳು ಕೂಡಲೇ, "ಹಾಗಾದರೆ ಟಿಕೆಟ್ ಎಷ್ಟು?" ಎಂದಳು. ಬ್ಯಾಂಕಿನವನ ಮೊಮ್ಮಗಳು!

ಅತಿಥಿಗಳಿಗೆಂದು ದಂಪತಿ ಅಲ್ಲಿ ಕುಟೀರಗಳನ್ನು ಕಟ್ಟಿಸಿದ್ದರು; ಬೆಳಕಿಗೆ ಸೂರ್ಯಶಕ್ತಿ. ಹಿಂದೊಮ್ಮೆ ಮಕ್ಕಳೊಂದಿಗೆ ಅಲ್ಲಿ ತಂಗಿದ್ದ ನಮ್ಮ ಬೀದಿಯ ಅಜ್ಜಿಯೊಬ್ಬರನ್ನು ಹೊರಡುವ ಮುಂಚೆ ವಿಚಾರಿಸಿದ್ದೆ. "ಆನೆ ಕಾಣಲಿಲ್ಲ ಸಾರ್, ಲದ್ದಿ ಕಂಡಿತು. ಇಂಬಳ ಮಾತ್ರ ಬೇಕಾದಷ್ಟು" ಎಂದರು. ನನಗೆ ಈ ಮಾತು ಹಿಡಿಸಿತು. ಆನೆ, ಚಿರತೆ, ಕಡವೆ, ನೀರುನಾಯಿ, 300ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಅಲ್ಲಿ ದಾಖಲಾಗಿವೆ. ಆದರೆ ನಮಗೆ ಮುಖ ತೋರಿಸಲೇಬೇಕೆಂಬ ಬಲವಂತ ಅವಕ್ಕಿಲ್ಲ. ಜೀಪಿನಲ್ಲಿ ಕೂತು ಹುಲಿ ಬರಲಿಲ್ಲವೆಂದು ದುಡ್ಡು ವಾಪಸ್ ಕೇಳುವವರು ಅಲ್ಲಿಗೆ ಹೋಗದಿರುವುದೇ ವಾಸಿ.

ಪಮೇಲಾ ಅವರಿಗೆ 2017ರಲ್ಲಿ ರಾಷ್ಟ್ರಪತಿಗಳಿಂದ ನಾರಿ ಶಕ್ತಿ ಪುರಸ್ಕಾರ ದೊರೆಯಿತು. ಅನಿಲ್ 2021ರ ನವೆಂಬರಿನಲ್ಲಿ ತೀರಿಕೊಂಡರು. ದಂಪತಿಗೆ ಮಕ್ಕಳಿಲ್ಲ. ನನ್ನ ವಯಸ್ಸಿನವರು ಇಂಥ ಮಾತು ಕೇಳಿದ ಕೂಡಲೇ "ಆಸ್ತಿ ಯಾರಿಗೆ?" ಎನ್ನುತ್ತೇವೆ. ಮುನ್ನೂರು ಎಕರೆ ಹಸಿರು, ಹತ್ತಿರ ಬೆಟ್ಟ, ಮಂಜು: ರೆಸಾರ್ಟು ಕಟ್ಟುವವರ ಕಣ್ಣಿಗೆ ಏನೆಲ್ಲ ಕಾಣಬಹುದು! ಅದಕ್ಕೇ ಅವರು ಜಮೀನನ್ನು ಒಂದು ಟ್ರಸ್ಟಿನ ಕೆಲಸವಾಗಿ ನಡೆಸಿಕೊಂಡು ಬಂದರು. 'ಸೇವ್ ಅನಿಮಲ್ಸ್ ಇನಿಶಿಯೇಟಿವ್' ಎಂದು ಅದರ ಹೆಸರು.

ನಾವು ಮೊದಲೇ ಕೇಳಿಕೊಂಡು ಹೋಗಿರಲಿಲ್ಲವಾದ್ದರಿಂದ ಒಳಗೆ ಹೋಗುವ ಮಾತಿರಲಿಲ್ಲ. ತೆರಾಲಿನ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಚಿತ್ರಾನ್ನ ಬಿಚ್ಚಿದೆವು. ಸಣ್ಣಗೆ ಮಳೆ. ಎತ್ತರದ ಮರದಲ್ಲಿ ಬೆಕ್ಕಿನಷ್ಟು ದಪ್ಪದ ಕೆಂಜಳಿಲು ಒಂದು ಬಾಲ ಇಳಿಬಿಟ್ಟು ಕಾಯಿ ಕಡಿಯುತ್ತಿತ್ತು. ಸಿಪ್ಪೆ ಕಾರಿನ ಮೇಲೆ ಟಪಟಪ ಬಿದ್ದಾಗ ಮಕ್ಕಳು ಊಟ ಮರೆತರು. ಚಿಕ್ಕವನು ಅಂಗೈಯಲ್ಲಿ ಒಂದು ಬೀಜ ಹಿಡಿದುಕೊಂಡು ಬಂದು, "ಇದನ್ನು ಮೈಸೂರಿಗೆ ತಗೊಂಡು ಹೋಗಲಾ, ಇಲ್ಲೇ ಹಾಕಲಾ ತಾತ?" ಎಂದ. ಅವನ ಅಕ್ಕ ಉತ್ತರ ಕೊಟ್ಟಳು. ಅವನು ಹಿಂದಕ್ಕೆ ಓಡಿ, ಮರದ ಬುಡದ ಒದ್ದೆ ಎಲೆಗಳ ಅಡಿ ಅದನ್ನು ತೂರಿಸಿ, ಕಾಲಿಗೆ ಎರಡು ಇಂಬಳ ಹತ್ತಿಸಿಕೊಂಡು ಬಂದ.