ತುಂಗೆಯ ಮಡು, ನೇತ್ರಾಣಿಯ ಆಳ

1970ರ ದಶಕದ ಕೊನೆಯಲ್ಲಿ, ನಾನು ಬೆಳೆಯುತ್ತಿದ್ದಾಗ, ಕೊಪ್ಪ ಸೀಮೆಯ ಹೊಳೆಬದಿಯ ಊರುಗಳಲ್ಲಿ ನೀರಿನಡಿಗೆ ಹೋಗಬಲ್ಲವರು ಊರಿಗೊಬ್ಬರೋ ಇಬ್ಬರೋ ಇರುತ್ತಿದ್ದರು. ದೋಣಿ ದಾಟಿಸುವವರು, ಬಲೆ ಹಾಕುವವರು, ಇಲ್ಲವೇ ಹುಟ್ಟಾ ನೀರಿಗೆ ಹೆದರದ ಯಾರೋ ಒಬ್ಬರು. ಬಾವಿಗೆ ಕೊಡಪಾನ ಬಿದ್ದರೆ ಪಾತಾಳಗರಡಿ ಸಾಕಾಗುತ್ತಿತ್ತು. ಹೊಳೆಯಲ್ಲಿ ಮನುಷ್ಯ ಮುಳುಗಿದರೆ ಅವರಿಗೇ ಹೇಳಿಕಳಿಸಬೇಕು. ಅವರು ಬಂದು ಪಂಚೆ ಬಿಚ್ಚಿ ಬಂಡೆಯ ಮೇಲಿಟ್ಟು, ನಾಲ್ಕಾರು ಸಲ ಜೋರಾಗಿ ಉಸಿರೆಳೆದು ಬಿಟ್ಟು ಮುಳುಕು ಹಾಕುತ್ತಿದ್ದರು. ಜೀವ ಇದ್ದವರನ್ನು ತಂದದ್ದು ಕಡಿಮೆ. ತಂದುಕೊಟ್ಟದ್ದಕ್ಕೆ ಯಾರದಾದರೂ ಮನೆಯ ಜಗಲಿಯಲ್ಲಿ ಕಾಫಿ, ಕೈಗಿಷ್ಟು ದುಡ್ಡು. ಅವರ ಎದೆಗಾರಿಕೆಯನ್ನು ಊರು ವರ್ಷಗಟ್ಟಲೆ ಹೊಗಳುತ್ತಿತ್ತು. ವಯಸ್ಸಾಗುವ ಮೊದಲೇ ಅವರ ಕಿವಿ ಯಾಕೆ ಮಂದವಾಯಿತು ಎಂದು ಯಾರೂ ಕೇಳಲಿಲ್ಲ.

ಈಗ ನನ್ನ ಹತ್ತಿರ ಒಂದು ಸ್ಕೂಬಾ ಡೈವಿಂಗ್ ಕಾರ್ಡಿದೆ. ಜತೆಗೊಬ್ಬರು ಇದ್ದರೆ ನಾನು 18 ಮೀಟರ್ ಆಳದವರೆಗೆ ಇಳಿಯಬಹುದು ಎಂದು ಅದರ ಅರ್ಥ. ಐವತ್ತು ದಾಟಿದ ಮೇಲೆ ಪಡೆದ ಕಾರ್ಡು ಅದು. ಹಳೆಯ ಕಾಲ ಚೆನ್ನಾಗಿತ್ತು ಎಂದು ನಾನು ಬರೆಯಲಾರೆ. ನೀರಿನ ವಿಷಯದಲ್ಲಿ ಆ ಕಾಲ ನಿಷ್ಕರುಣಿಯಾಗಿತ್ತು, ಹೆಣ್ಣುಮಕ್ಕಳಿಗಂತೂ ಇನ್ನಷ್ಟು. ಹುಡುಗರು ಒಣಗಿದ ಸೋರೆಬುರುಡೆ, ಬಾಳೆದಿಂಡು, ಲಾರಿಯ ಟ್ಯೂಬು ಕಟ್ಟಿಕೊಂಡು ಕೆರೆಯಲ್ಲೋ ಹೊಳೆಯಲ್ಲೋ ಈಜು ಕಲಿತರು. ನಮಗೆ ಅದೂ ಇರಲಿಲ್ಲ. ದಿನಾ ಬಟ್ಟೆಗಂಟು ಹೊತ್ತು ಹೊಳೆಗೆ ಹೋಗುತ್ತಿದ್ದವರು ನಾವು; ಸೊಂಟಕ್ಕಿಂತ ಮೇಲೆ ನೀರು ಬಂದರೆ ಏನು ಮಾಡಬೇಕೆಂದು ತಿಳಿಯದವರೂ ನಾವೇ. “ಅತ್ಲಾಗೆ ಹೋಗ್ಬೇಡ ಕಣೆ, ಗುಂಡಿ ಇದೆ ಅಲ್ಲಿ” ಎಂಬ ಅಮ್ಮನ ಮಾತಿಗೆ ನಮ್ಮ ನೀರಿನ ಶಿಕ್ಷಣ ಮುಗಿಯುತ್ತಿತ್ತು. ನಾನು ಈಜು ಕಲಿತದ್ದು ಬ್ಯಾಂಕಿನ ಕೆಲಸಕ್ಕೆಂದು ಶಿವಮೊಗ್ಗದಲ್ಲಿದ್ದಾಗ, ಮಗನನ್ನು ಕೊಳಕ್ಕೆ ಸೇರಿಸುವಾಗ ನನ್ನ ಹೆಸರನ್ನೂ ಬರೆಸಿ.

ಆದರೆ ನೀರಿನಡಿ ಏನಿದೆ ಎಂಬ ಕುತೂಹಲ ಮೊದಲಿನಿಂದಲೂ ಇತ್ತು. ಶೃಂಗೇರಿಗೆ ಹೋದಾಗಲೆಲ್ಲ ಮಠದ ಎದುರಿನ ಮೆಟ್ಟಿಲಲ್ಲಿ ಕೂತು ಮೀನಿಗೆ ಮಂಡಕ್ಕಿ ಹಾಕುತ್ತಿದ್ದೆವು. ಅಲ್ಲಿ ಮೀನು ಹಿಡಿಯುವಂತಿಲ್ಲ, ಹಾಗಾಗಿ ಅವು ಭಯವಿಲ್ಲದೆ ಕಾಲಿನ ಹತ್ತಿರವೇ ಬರುತ್ತವೆ. ಆದರೂ ಮೆಟ್ಟಿಲಿನಿಂದ ಕಾಣುವುದು ಬೆನ್ನು, ತೆರೆದ ಬಾಯಿ, ಅಷ್ಟೇ. ಇನ್ನೊಂದು ಕಡೆ ಎನ್.ಆರ್. ಪುರ. ಹಿರಿಯರ ಬಾಯಲ್ಲಿ ಆಗಲೂ ಅದು ಎಡೇಹಳ್ಳಿಯೇ. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟಿನ ನೀರು ಆ ಊರಿನ ಮಗ್ಗುಲಿನವರೆಗೂ ಹರಡಿಕೊಂಡು ಗದ್ದೆ, ಕಾಡು, ದಾರಿಗಳನ್ನು ನುಂಗಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮರದ ಕಪ್ಪು ಬೊಡ್ಡೆಗಳು ಎದ್ದು ನಿಲ್ಲುತ್ತಿದ್ದವು. ಅಲ್ಲಿನ ದೊಡ್ಡಮ್ಮನ ಮನೆಗೆ ಹೋದಾಗ, ಇನ್ನೂ ಕೆಳಗೆ ಏನೇನು ನಿಂತಿರಬಹುದು ಎಂದು ಕೇಳಿ ಬೈಸಿಕೊಂಡದ್ದಿದೆ.

1987ರಲ್ಲಿ ಶಂಕರ್‌ನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’ ಬಂತು. ರಾಜ್‌ಕುಮಾರ್ ಅದರಲ್ಲಿ ಮುತ್ತು ತೆಗೆಯುವವರು, ಉಸಿರು ಕಟ್ಟಿ ಸಮುದ್ರಕ್ಕೆ ಇಳಿಯುವವರು. ನೀರಿನೊಳಗನ್ನು ನಮ್ಮ ಕಡೆಯ ಎಷ್ಟೋ ಜನ ಮೊದಲ ಸಲ ನೋಡಿದ್ದು ಆ ತೆರೆಯ ಮೇಲೆ. 2022ರ ‘ಗಂಧದಗುಡಿ’ಯಲ್ಲಿ ಅವರ ಮಗ ಪುನೀತ್ ನೇತ್ರಾಣಿ ದ್ವೀಪದ ಬಳಿ ನೀರಿಗೆ ಇಳಿದಾಗ ಬೆನ್ನಿಗೆ ಸಿಲಿಂಡರ್ ಇತ್ತು, ಮುಖಕ್ಕೆ ಮಾಸ್ಕ್ ಇತ್ತು. ಆಮೇಲೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ನಮ್ಮ ಈ ಮೂರೂ ತಾಲ್ಲೂಕಿನ ಹುಡುಗರು ಶನಿವಾರ ಭಾನುವಾರ ಘಾಟಿ ಇಳಿದು ಮುರುಡೇಶ್ವರಕ್ಕೆ ಹೋಗಿ ಬರುವುದನ್ನು ನೋಡುತ್ತಿದ್ದೇನೆ. ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಗಂಟೆಯ ಮೇಲಿನ ಹಾದಿ. ಒಂದು ದಿನದ ಆ ಇಳಿತದಲ್ಲಿ ಬೋಧಕ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾನೆ, ಫೋಟೊ ತೆಗೆದುಕೊಡುತ್ತಾರೆ. ಅದು ರುಚಿ ನೋಡುವುದು ಮಾತ್ರ. ಕಲಿಯುವುದೇ ಬೇರೆ.

ಕಲಿಕೆ ಶುರುವಾಗುವುದು ನೀರಿನಲ್ಲಲ್ಲ, ಒಂದು ಫಾರಂನಲ್ಲಿ. ಉಬ್ಬಸ ಇದೆಯೇ, ಕಿವಿಯ ಆಪರೇಷನ್ ಆಗಿದೆಯೇ, ಎದೆನೋವು ಬಂದದ್ದಿದೆಯೇ, ವಯಸ್ಸು 45 ದಾಟಿದೆಯೇ. 45 ದಾಟಿದವರಿಗೆ ಮತ್ತಷ್ಟು ಪ್ರಶ್ನೆ, ಅವುಗಳಲ್ಲಿ ಒಂದಕ್ಕೆ ಹೌದು ಎಂದರೂ ವೈದ್ಯರ ಸಹಿ ಬೇಕು. ಬಿ.ಪಿ. ಮಾತ್ರೆ ನುಂಗುವ ನಾನು ಕೊಪ್ಪದ ವೈದ್ಯರ ಮುಂದೆ ಕೂತು ಇಸಿಜಿ ಮಾಡಿಸಿಕೊಂಡು ಸಹಿ ಹಾಕಿಸಿಕೊಂಡೆ. ಕೆಲವರು ಎಲ್ಲದಕ್ಕೂ ಇಲ್ಲ ಎಂದು ಬರೆದು ಮುಗಿಸುತ್ತಾರೆ. ಅದು ಜೀವದ ಜೊತೆ ಆಡುವ ಸುಳ್ಳು. ನಂತರ ಪಾಠ, ಪರೀಕ್ಷೆ, 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು, ಕೊಳದಲ್ಲಿ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಇಳಿತ. ಮಾಸ್ಕಿಗೆ ನೀರು ತುಂಬಿಸಿಕೊಂಡು ಮೂಗಿನಿಂದ ಉಸಿರು ಬಿಟ್ಟು ಖಾಲಿ ಮಾಡುವುದು, ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಿಂದ ತೆಗೆದು ಮತ್ತೆ ಇಟ್ಟುಕೊಳ್ಳುವುದು, ಗಾಳಿ ಮುಗಿದವರಿಗೆ ನಮ್ಮದರಿಂದ ಕೊಡುವುದು, ಮೇಲೇಳದೆ ಕೆಳಗಿಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವುದು. ಇವುಗಳಲ್ಲಿ ಯಾವುದಕ್ಕೂ ಎದೆಗಾರಿಕೆ ಬೇಡ. ತಾಳ್ಮೆ ಬೇಕು.

ಎಲ್ಲಕ್ಕಿಂತ ಮೊದಲಿನ ನಿಯಮ, ಉಸಿರು ಕಟ್ಟಬಾರದು. ಊರಿನಲ್ಲಿ ಕಂಡಿದ್ದಕ್ಕೆ ಪೂರ್ತಿ ತಿರುಗಾಮುರುಗಾ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಇಮ್ಮಡಿ. ಅಲ್ಲಿ ಸಿಲಿಂಡರಿನ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಎದೆಯೊಳಗಿನ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯುತ್ತದೆ. ನಮ್ಮೂರ ಮುಳುಕಿನವರಿಗೆ ಆ ಅಪಾಯ ಇರಲಿಲ್ಲ. ಮೇಲೆ ತುಂಬಿಕೊಂಡ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತಿತ್ತು. ಅವರ ಅಪಾಯ ಇದ್ದದ್ದು ಆ ಜೋರು ಉಸಿರಾಟದಲ್ಲಿ. ಹಾಗೆ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರು ಬೇಕು ಎಂದು ಮೈಗೆ ಹೇಳುವುದು ಅದೇ. ಆ ಸೂಚನೆ ಬರುವ ಮೊದಲೇ ಆಮ್ಲಜನಕ ತೀರಿ ಪ್ರಜ್ಞೆ ತಪ್ಪುತ್ತದೆ. ಈಜು ಚೆನ್ನಾಗಿ ಬಲ್ಲವನೇ ಸತ್ತಾಗ, ಹೊಳೆ ವರ್ಷಕ್ಕೊಂದು ಬಲಿ ಕೇಳುತ್ತದೆ ಎನ್ನುತ್ತಿದ್ದರು. ಈ ಪಾಠ ಓದಿದ ರಾತ್ರಿ ಅಂಥ ಒಂದೆರಡು ಸಾವುಗಳನ್ನು ನಾನು ಹೊಸದಾಗಿ ಲೆಕ್ಕ ಹಾಕಬೇಕಾಯಿತು.

ಕಿವಿಯ ಮಾತೂ ಹಾಗೇ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟಿ, ಎಂಜಲು ನುಂಗಿದರೆ ಬಿಡುವುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಇಡೀ ಘಾಟಿಯಲ್ಲಿ ಬದಲಾಗುವಷ್ಟು ಒತ್ತಡ ನೀರಿನಲ್ಲಿ ಒಂದು ಮೀಟರ್ ಇಳಿಯುವುದರೊಳಗೆ ಬದಲಾಗುತ್ತದೆ. ಆದ್ದರಿಂದ ನೋವು ಬರುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು, ಹೆಜ್ಜೆಹೆಜ್ಜೆಗೂ ಒತ್ತಬೇಕು. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೇರಿ ನೋಡಬೇಕು, ಆಗಲೂ ಬಿಡದಿದ್ದರೆ ಆ ದಿನದ ಇಳಿತ ಮುಗಿಯಿತು. ನೆಗಡಿ ಇದ್ದರೆ ದೋಣಿಯನ್ನೇ ಹತ್ತಬಾರದು. ನೋವು ಹಲ್ಲುಕಚ್ಚಿ ತಡೆದುಕೊಂಡು ಕೆಳಗೆ ಹೋಗುತ್ತಿದ್ದವರ ಕಿವಿತಮಟೆಗೆ ಏನಾಗಿದ್ದಿರಬಹುದು ಎಂದು ಈಗ ಊಹಿಸುವುದು ಕಷ್ಟವಲ್ಲ.

ಕಾರ್ಡು ಕೈಗೆ ಬಂದ ಕೂಡಲೇ ಎಲ್ಲರಿಗೂ ಸಾಮಾನು ಕೊಳ್ಳುವ ಆತುರ. ನನ್ನನ್ನು ಕೇಳಿದವರಿಗೆ ಮೊದಲು ಮಾಸ್ಕ್ ಮಾತ್ರ ಕೊಳ್ಳಿ ಎನ್ನುತ್ತೇನೆ. ಮುಖ ಒಬ್ಬೊಬ್ಬರದು ಒಂದೊಂದು ಆಕಾರ. ಬಾಡಿಗೆಯ ಮಾಸ್ಕಿನಲ್ಲಿ ನೀರು ಸೋರಿದರೆ ಗಮನವೆಲ್ಲ ಅಲ್ಲೇ ಹೋಗುತ್ತದೆ. ಅಂಗಡಿಯಲ್ಲಿ ಪಟ್ಟಿ ಹಾಕಿಕೊಳ್ಳದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆಯಬೇಕು, ಕೈಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮದು. ಅದಕ್ಕಾಗಿಯೇ ಆನ್‌ಲೈನಿನಲ್ಲಿ ತರಿಸದೆ ಬೆಂಗಳೂರಿನ ಅಂಗಡಿಗೆ ಹೋದೆ. ಈಜುಕೊಳದ ಕನ್ನಡಕ ಆಗುವುದಿಲ್ಲ. ಅದರಲ್ಲಿ ಮೂಗು ಹೊರಗಿರುತ್ತದೆ, ಒಳಗಿನ ಒತ್ತಡ ಸರಿಮಾಡಲು ದಾರಿಯಿಲ್ಲ, ಕಣ್ಣಿಗೆ ರಕ್ತ ಇಳಿಯುತ್ತದೆ. ಇಡೀ ಮುಖ ಮುಚ್ಚುವ ಅಗ್ಗದ ಮಾಸ್ಕು ಮೇಲ್ಮೈಯಲ್ಲಿ ತೇಲುತ್ತಾ ನೋಡುವುದಕ್ಕೆ ಮಾತ್ರ. ಅದನ್ನು ಸಿಲಿಂಡರಿನ ಇಳಿತಕ್ಕೆ ತಂದವರನ್ನೂ ಕಂಡಿದ್ದೇನೆ. ಚಾಳೀಸು ಬಂದವರಿಗೆ ಪವರ್ ಗಾಜಿನ ಮಾಸ್ಕ್ ಸಿಗುತ್ತದೆ, ಗಾಳಿಯ ಮೀಟರ್ ಓದಲಾಗದವರು ಅದಿಲ್ಲದೆ ಇಳಿಯಬಾರದು.

ಎರಡನೆಯದು ಕೈಗಡಿಯಾರದಂಥ ಡೈವ್ ಕಂಪ್ಯೂಟರ್. ಆಳ, ಸಮಯ, ಇನ್ನೆಷ್ಟು ಹೊತ್ತು ಕೆಳಗಿರಬಹುದು, ಮೇಲೇರುವ ವೇಗ, ಎಲ್ಲ ತೋರಿಸುತ್ತದೆ. ನಿಮಿಷಕ್ಕೆ 9 ಮೀಟರಿಗಿಂತ ಬೇಗ ಏರದಿರುವುದು, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು ಬರಿಯ ಅಂದಾಜಿನಲ್ಲಿ ಆಗುವ ಕೆಲಸವಲ್ಲ. ಪಾದಕ್ಕೆ ಫಿನ್ನು ಆಮೇಲೆ ಕೊಳ್ಳಬಹುದು. ರೆಗ್ಯುಲೇಟರ್ ಮತ್ತು ಗಾಳಿ ತುಂಬುವ ಜಾಕೆಟ್ಟನ್ನು ನಾನು ಕೊಂಡಿಲ್ಲ, ಹೊಸಬರು ಕೊಳ್ಳುವುದೂ ಬೇಡ. ರೆಗ್ಯುಲೇಟರಿಗೆ ವರ್ಷಕ್ಕೊಮ್ಮೆ ಸರ್ವಿಸ್ ಬೇಕು, ಕೊಪ್ಪದಲ್ಲೋ ಶೃಂಗೇರಿಯಲ್ಲೋ ಅದನ್ನು ಬಿಚ್ಚಬಲ್ಲವರಿಲ್ಲ. ವರ್ಷಕ್ಕೆ ಕೆಲವೇ ಸಲ ಇಳಿಯುವವರಿಗೆ ಬಾಡಿಗೆಯೇ ಸರಿ. ಸಿಲಿಂಡರ್ ಕೊಳ್ಳುವ ಮಾತೇ ಇಲ್ಲ. ಅದರಲ್ಲಿ ಇರುವುದು ಆಕ್ಸಿಜನ್ ಎಂದು ಪತ್ರಿಕೆಗಳೂ ಬರೆಯುತ್ತವೆ. ಇರುವುದು ಸೋಸಿ 200 ಬಾರ್ ಒತ್ತಡದಲ್ಲಿ ತುಂಬಿದ ಸಾಧಾರಣ ಗಾಳಿ. ಶುದ್ಧ ಆಕ್ಸಿಜನ್ 6 ಮೀಟರ್ ದಾಟಿದರೆ ವಿಷವಾಗಬಲ್ಲದು. 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ತೊ ಮತ್ತು ಗನ್ಯಾನ್ ಮಾಡಿದ್ದು ಆ ಗಾಳಿಯನ್ನು ಆಳಕ್ಕೆ ತಕ್ಕ ಒತ್ತಡದಲ್ಲಿ, ಉಸಿರೆಳೆದಾಗ ಮಾತ್ರ ಕೊಡುವ ಸಾಧನವನ್ನು. ಇವತ್ತಿನದೂ ಅದೇ ತತ್ವ.

ನಮ್ಮ ಮಳೆಗಾಲದಲ್ಲಿ ಸಾಮಾನು ಕಾಯುವುದು ಇನ್ನೊಂದು ಕೆಲಸ. ಜೂನ್ ಬಂದರೆ ಕಡಲು ಮುಚ್ಚಿತು, ಅಕ್ಟೋಬರಿನವರೆಗೆ ಎಲ್ಲ ಪೆಟ್ಟಿಗೆಯೊಳಗೆ. ಅಡಿಕೆ ಕೊಯ್ಲು ಮುಗಿಸಿ ಹೊರಡುವಷ್ಟರಲ್ಲಿ ಫೆಬ್ರವರಿ. ಅಷ್ಟರಲ್ಲಿ ಮಾಸ್ಕಿನ ಸಿಲಿಕೋನಿಗೆ ಕಪ್ಪು ಬೂಸ್ಟು ಕೂತಿರುತ್ತದೆ. ಉಪ್ಪು ಹೋಗುವಂತೆ ಬಾವಿನೀರಿನಲ್ಲಿ ನೆನೆಸಿ, ಪೂರ್ತಿ ಒಣಗಿಸಿ, ಆಗಾಗ ತೆಗೆದು ಗಾಳಿಗಿಡಬೇಕು. ರಬ್ಬರಿನ ಈಜುಡುಗೆಯನ್ನು ಬೇಗ ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹಾಳಾಗುತ್ತದೆ.

ಕಾರ್ಡು ಏನು ಕೊಡುವುದಿಲ್ಲ ಎನ್ನುವುದನ್ನು ನಮ್ಮ ಸೀಮೆಯಲ್ಲಿ ಜೋರಾಗಿ ಹೇಳಬೇಕಿದೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಅಂದರೆ ಸುಮಾರು 57 ಮೀಟರ್. ಹೆಚ್ಚಿನ ತರಬೇತಿ ಪಡೆದ ಹವ್ಯಾಸಿಗಳಿಗೂ ಮಿತಿ 40. ಕಣ್ಣು ಕಾಣದ ನೀರು, ಮುಳುಗಿದ ಮರ, ಸಿಕ್ಕಿಕೊಳ್ಳುವ ಬಲೆ, ಅಲ್ಲಿ ನನ್ನಂಥವರಿಗೆ ಕೆಲಸವಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಾಗ ನೌಕಾಪಡೆಯವರೂ ಸೆಳೆತ ತಗ್ಗಲೆಂದು ಕಾಯಬೇಕಾಯಿತು. ಮಲ್ಪೆಯ ಮುಳುಗುಗಾರ ಈಶ್ವರ್ ಇಳಿದರು. ಹೊಳೆಯಲ್ಲಿ ಮುಳುಗಿದ್ದ ಲಾರಿ ಸಿಕ್ಕಿದ್ದು ಡ್ರೆಜರ್ ತಂದ ಮೇಲೆ, ಸೆಪ್ಟೆಂಬರಿನಲ್ಲಿ.

ಹೋದ ಮಳೆಗಾಲದಲ್ಲಿ ಪರಿಚಯದವರೊಬ್ಬರು ಫೋನ್ ಮಾಡಿದರು. “ಮೇಡಂ, ತುಂಗೆಯಲ್ಲಿ ಹುಡುಗ ಒಬ್ಬ ಕಾಣ್ತಾ ಇಲ್ಲ. ನಿಮಗೆ ಮುಳುಗೋದು ಬರುತ್ತಂತಲ್ಲ, ಸ್ವಲ್ಪ ಬರ್ತೀರಾ?” ನಾನು ಆಗುವುದಿಲ್ಲ ಎಂದೆ. 112ಕ್ಕೆ ಫೋನ್ ಮಾಡಲು ಹೇಳಿ, ನಾನೂ ಮಾಡಿದೆ. ಅಗ್ನಿಶಾಮಕದವರು ಹಗ್ಗ, ದೋಣಿ ಸಮೇತ ಬಂದರು. ಹುಡುಗ ಬದುಕಿರಲಿಲ್ಲ. ನನ್ನ ತರಬೇತಿಯಲ್ಲಿ ಮೊದಲ ದಿನವೇ ಕಲಿಸಿದ್ದು, ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಇಳಿಯುವುದಿಲ್ಲ ಎನ್ನಬಹುದು ಎಂದು. ಬಂಡೆಯ ಮೇಲೆ ಪಂಚೆ ಬಿಚ್ಚಿಡುತ್ತಿದ್ದವರಿಗೆ ಹಾಗೆ ಹೇಳುವ ಅವಕಾಶವನ್ನು ನಮ್ಮ ಊರು ಕೊಟ್ಟಿರಲಿಲ್ಲ. ಇಡೀ ದಡ ಅವರನ್ನೇ ನೋಡುತ್ತಿತ್ತು.

ಈಗ ಅಣ್ಣನ ಮಗಳು ಹೊರಟಿದ್ದಾಳೆ. ಎನ್.ಆರ್. ಪುರದಲ್ಲಿ ಶಾಲೆಯ ಟೀಚರ್. ಈಜು ಬರುತ್ತದೆ, ಫಾರಂ ಸರಿಯಾಗಿ ತುಂಬಿದ್ದಾಳೆ, ಮಾಸ್ಕ್ ಒಂದನ್ನೇ ಕೊಂಡಿದ್ದಾಳೆ. ತಕರಾರು ಬಂದದ್ದು ವಾಪಸು ಬರುವ ದಿನದ್ದು. “ಅತ್ತೆ, ಭಾನುವಾರ ಮಧ್ಯಾಹ್ನ ಕೊನೆಯ ಡೈವ್ ಮುಗಿಯುತ್ತೆ. ಸಂಜೆ ಹೊರಟರೆ ರಾತ್ರಿ ಊಟಕ್ಕೆ ಮನೇಲಿರ್ತೀನಿ” ಎಂದಳು. ಸಮುದ್ರಕ್ಕೆ ಹತ್ತಿರದವರಿಗೆ ಅದು ಸರಿ, ನಮಗಲ್ಲ ಎಂದು ವಿವರಿಸಿದೆ. ಆಳದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಹೊರಹೋಗಲು ಹೊತ್ತು ಬೇಕು. ಅಷ್ಟರೊಳಗೆ ಎತ್ತರಕ್ಕೆ ಏರಿದರೆ ಅದು ಗುಳ್ಳೆ ಕಟ್ಟಬಹುದು, ಗಂಟುಗಳಲ್ಲಿ ನೋವಿನಿಂದ ಹಿಡಿದು ಲಕ್ವದವರೆಗೆ ಆಗಬಹುದು. ಹಲವು ಇಳಿತಗಳ ನಂತರ ವಿಮಾನ ಹತ್ತಲು 18 ಗಂಟೆ ಬಿಡಬೇಕೆಂಬ ನಿಯಮ 600 ಮೀಟರಿಗಿಂತ ಎತ್ತರದ ಘಾಟಿಗೂ ಅನ್ವಯಿಸುತ್ತದೆ. ನಮ್ಮ ಮೂರೂ ಊರು ಅದಕ್ಕಿಂತ ಮೇಲಿವೆ. ಭಾನುವಾರ ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಸೋಮವಾರ ಬೆಳಗ್ಗೆ ತಡವಾಗಿ ಆಗುಂಬೆ ಹತ್ತಬೇಕು.

ಸೋಮವಾರ ಎಂಟನೇ ತರಗತಿಗೆ ಅವಳ ಪರೀಕ್ಷೆ ಇತ್ತಂತೆ. ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬ ಟೀಚರ್ ಕೈಗೆ ಕೊಟ್ಟು, ಆ ದಿನಕ್ಕೂ ರಜೆ ಬರೆದಳು.